ಮಾತಾಡಿದವರ ಪಟ್ಟಿ

ನಮ್ಮೂರ ಶಾಲೆಯ ಹಳೇ ವಿದ್ಯಾರ್ಥಿಗಳದ್ದೊಂದು ವಾಟ್ಸಾಪ್ ಗುಂಪಿದೆ. ಕೊಬ್ಬರಿ ರೇಟು, ಯಾರದೋ ತಿಥಿ, ಹುಳಿಯಾರು ಕಡೆ ಮಳೆ ಬಿತ್ತಾ ಇಲ್ವಾ, ಇಷ್ಟು ಬಿಟ್ಟರೆ ಅದರಲ್ಲಿ ಬರೋದೆಲ್ಲ ಫಾರ್ವರ್ಡೇ. ಮೊನ್ನೆ ಒಂದು ವಿಡಿಯೊ ಬಂತು. ಯಾವ ಊರೋ, ಯಾವ ಶಾಲೆಯೋ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದ ಕೂಡಲೇ ಹಿಂದಿನ ಬೆಂಚಿನ ಹುಡುಗ ಎದ್ದು ಕುಣೀತಾನೆ, ಕ್ಲಾಸೆಲ್ಲ ನಗುತ್ತೆ. ಕೆಳಗೆ ಬರೆದಿತ್ತು: ‘ಮೇಷ್ಟ್ರ ಕೈಯಿಂದ ಕೋಲು ಕಿತ್ಕೊಂಡ ಫಲ. ಒಪ್ಪೋರು ಲೈಕ್ ಮಾಡಿ.’ ಅರ್ಧ ಗಂಟೇಲಿ ಹೆಬ್ಬೆರಳುಗಳ ಸಾಲೇ ಬಂತು. ‘ನಮಗೆ ಹುಣಸೆ ಬರಲಲ್ಲಿ ಬಿಟ್ಟಿದ್ದಕ್ಕೇ ಇವತ್ತು ಈ ಮಟ್ಟಕ್ಕೆ ಬಂದಿದೀವಿ’ ಅಂತ ಒಬ್ಬ ಬರೆದ. ಅವನೂ ನನ್ನ ಹಾಗೇ ಬೆಂಗಳೂರಲ್ಲಿ ಕೀಬೋರ್ಡ್ ಕುಟ್ಟೋನು.

ನಾನೂ ಏನೋ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಕೊನೆಗೆ ಫೋನು ಪಕ್ಕಕ್ಕಿಟ್ಟೆ. ಅಲ್ಲಿ ಹೇಳಿದರೆ ಜಗಳ ಆಗುತ್ತೆ, ಹೇಳದಿದ್ದರೆ ಹೊಟ್ಟೆಯಲ್ಲೇ ಉಳಿಯುತ್ತೆ. ಹಾಗಾಗಿ ಇಲ್ಲಿ ಹೇಳ್ತೀನಿ, ಬೈಯೋರು ಇಲ್ಲೇ ಬೈಯಬಹುದು. ಕೋಲು ವಾಪಸ್ ಕೊಡಿ ಅನ್ನೋ ಮಾತು ತಪ್ಪು. ಕರುಣೆಯ ಲೆಕ್ಕದಲ್ಲಿ ತಪ್ಪು ಅಂತ ಬೇರೆಯವರು ಹೇಳ್ತಾರೆ. ನಾನು ಕೆಲಸದ ಲೆಕ್ಕದಲ್ಲೂ ತಪ್ಪು ಅಂತೀನಿ. ಕೋಲು ಗಲಾಟೆ ನಿಲ್ಲಿಸುತ್ತೆ, ನಿಜ. ಜೊತೆಗೆ ಗಲಾಟೆ ಯಾಕೆ ಆಯ್ತು ಅನ್ನೋದನ್ನೂ ಮುಚ್ಚಿಹಾಕಿಬಿಡುತ್ತೆ.

ಇದು ನನಗೆ ಹೇಗೆ ಗೊತ್ತು ಅಂದ್ರೆ, ಮುಚ್ಚಿಹಾಕೋ ಕೆಲಸದಲ್ಲಿ ನಾನೂ ಇದ್ದೆ.

ಬೋರನಕಣಿವೆ ಆಸುಪಾಸಿನ ಒಂದು ಹಳ್ಳಿ ಶಾಲೆಯಲ್ಲಿ ಐದರಿಂದ ಏಳನೇ ಕ್ಲಾಸಿನ ತನಕ ನಾನು ಲೀಡರ್. ಮೇಷ್ಟ್ರು ಆಫೀಸ್ ರೂಮಿಗೋ ಪಕ್ಕದ ಕ್ಲಾಸಿಗೋ ಹೋದಾಗ ಬೋರ್ಡಿನ ಮೂಲೆಯಲ್ಲಿ ‘ಮಾತಾಡಿದವರು’ ಅಂತ ಬರೆದು, ಅದರ ಕೆಳಗೆ ಹೆಸರು ಬರೆಯೋದು ನನ್ನ ಕೆಲಸ. ಎರಡನೇ ಸಲ ಮಾತಾಡಿದರೆ ಹೆಸರಿನ ಮುಂದೆ ಒಂದು ಇಂಟು, ಮೂರನೇ ಸಲಕ್ಕೆ ಎರಡು ಇಂಟು. ಇಂಟು ಎಷ್ಟೋ ಏಟು ಅಷ್ಟು. ಕೊಬ್ಬರಿ ಚೂರು, ಬೆಲ್ಲ ಕೊಟ್ಟವರ ಹೆಸರು ಅಳಿಸಿದ್ದೂ ಇದೆ. ಈ ರಾಜ್ಯದ ಆಡಳಿತ ಹೇಗೆ ನಡೆಯುತ್ತೆ ಅಂತ ನಾನು ಕಲಿತಿದ್ದು ಅಲ್ಲೇ ಇರಬೇಕು.

ಆ ಪಟ್ಟಿಯಲ್ಲಿ ದಿನಾ ಇರ್ತಿದ್ದ ಹೆಸರೊಂದು. ನನ್ನ ಬೆಂಚಿನವನೇ. ಉಕ್ತಲೇಖನ ಶುರುವಾದರೆ ಸಾಕು, ಅವನು ನನ್ನ ಸ್ಲೇಟಿಗೆ ಬಗ್ಗೋನು, ಹಿಂದಿನವರನ್ನ ಕೇಳೋನು, ‘ಏನಂದ್ರೂ? ಏನಂದ್ರೂ?’ ಅಂತ ಪಿಸುಗುಟ್ಟೋನು. ಸಿಕ್ಕಿಬಿದ್ದಾಗ ಬೆಂಚು ಕುಟ್ಟಿ ಎಲ್ಲರನ್ನೂ ನಗಿಸೋನು. ಬಸ್ಕಿ, ಗೋಡೆ ಕುರ್ಚಿ, ಬರಲು, ಎಲ್ಲವೂ ಆಯ್ತು. ಕೆನ್ನೆಗೂ ಬೀಳ್ತಿತ್ತು. ಮೂರು ವರ್ಷದಲ್ಲಿ ಅವನ ಹೆಸರನ್ನ ನಾನು ಎಷ್ಟು ಸಲ ಬರೆದಿರಬಹುದು ಅಂತ ಲೆಕ್ಕ ಹಾಕೋ ಧೈರ್ಯ ಇಲ್ಲ.

ಏಳನೇ ಕ್ಲಾಸಿನಲ್ಲಿ ಒಬ್ಬರು ಟೀಚರ್ ಬಂದರು. ಮೊದಲ ವಾರ ಅವರೂ ಪಟ್ಟಿ ನೋಡಿದರು. ಎರಡನೇ ವಾರ ಸೀಮೆಸುಣ್ಣ ತಗೊಂಡು ‘ಮಾತಾಡಿದವರು’ ಪಕ್ಕದಲ್ಲಿ ಒಂದು ಗೆರೆ ಎಳೆದು ‘ಯಾಕೆ?’ ಅಂತ ಬರೆದರು. ‘ಲೀಡರ್ರೇ, ಇನ್ಮೇಲೆ ಎರಡೂ ತುಂಬಬೇಕು’ ಅಂದರು. ನನಗೆ ಕಷ್ಟಕ್ಕೆ ಬಂತು. ಯಾಕೆ ಮಾತಾಡಿದೆ ಅಂತ ಕೇಳಿಯೇ ಬರೆಯಬೇಕಲ್ಲ! ಕೇಳಿದರೆ ಒಬ್ಬಳು ಬಳಪ ಇರಲಿಲ್ಲ ಅಂದಳು, ಒಬ್ಬ ಲೆಕ್ಕ ಮುಗೀತು ಅಂದ. ನನ್ನ ಬೆಂಚಿನವನು ಅಂದಿದ್ದು, ‘ಕೇಳಿಸಲಿಲ್ಲ.’

ಅದನ್ನೇ ಬರೆದೆ. ಅವತ್ತೂ ‘ಕೇಳಿಸಲಿಲ್ಲ’, ಮಾರನೇ ದಿನವೂ ‘ಕೇಳಿಸಲಿಲ್ಲ’. ನಾಲ್ಕನೇ ದಿನ ಟೀಚರ್ ಅವನನ್ನ ಹತ್ತಿರ ಕರೆದು, ಹಿಂದೆ ನಿಂತು ಮೆಲ್ಲಗೆ ಮಾತಾಡಿ ನೋಡಿದರು. ಎಡಗಿವಿ ಸೋರಿ ಸೋರಿ ಕೆಟ್ಟಿತ್ತು. ಮನೆಯಲ್ಲಿ ಕೊಬ್ಬರಿ ಎಣ್ಣೆ ಬಿಟ್ಟು ಹತ್ತಿ ಇಡ್ತಿದ್ದರಂತೆ. ಮೂರು ವರ್ಷ ನಾವೆಲ್ಲ ಸೇರಿ, ಕೇಳಿಸದ ಹುಡುಗನಿಗೆ ಮಾತು ಕೇಳು ಅಂತ ಹೊಡೆದಿದ್ದೆವು. ಅದೂ ಕೆನ್ನೆಗೆ, ಕಿವಿ ಪಕ್ಕದಲ್ಲೇ.

ಟೀಚರ್ ಮಾಡಿದ್ದು ಇಷ್ಟೇ: ಅವನನ್ನ ಮುಂದಿನ ಬೆಂಚಿನ ಎಡತುದಿಗೆ ಕೂರಿಸಿದರು, ಬಲಗಿವಿ ತಮ್ಮ ಕಡೆ ಇರೋ ಹಾಗೆ. ಉಕ್ತಲೇಖನ ಹೇಳುವಾಗ ಅವನ ಪಕ್ಕ ನಿಂತು ಹೇಳಿದರು. ಬೆಂಚು ಕುಟ್ಟೋದು ತಾನಾಗೇ ನಿಂತಿತು. ನಾಲ್ಕೈದು ತಿಂಗಳಲ್ಲಿ ಅವರಿಗೆ ಬೇರೆ ಕಡೆಗೆ ವರ್ಗ ಆಯ್ತು. ಪಟ್ಟಿ ಮತ್ತೆ ಒಂದೇ ಸಾಲಿಗೆ ಬಂತು, ಬರಲು ವಾಪಸ್ ಬಂತು. ಅವನು ಏಳು ಮುಗಿಸಿದ, ಎಂಟಕ್ಕೆ ಬರಲಿಲ್ಲ.

ಈಗ ಗುಂಪಿನ ಮಾತಿಗೆ ಬರ್ತೀನಿ. ‘ಏಟು ತಿಂದಿದ್ದಕ್ಕೇ ಉದ್ಧಾರ ಆದ್ವಿ’ ಅಂತೀರಲ್ಲ, ಆ ಗುಂಪಿನಲ್ಲಿ ಯಾರ್‍ಯಾರು ಇದ್ದಾರೆ ಅಂತ ಒಮ್ಮೆ ಎಣಿಸಿ ನೋಡಿ. ಎಂಜಿನಿಯರು, ಪಿಡಿಒ, ನರ್ಸು, ಕಂಡಕ್ಟರು, ಇಬ್ಬರು ಮೇಷ್ಟ್ರು. ಒಂದನೇ ಕ್ಲಾಸಿಗೆ ನಮ್ಮ ಜೊತೆ ಸೇರಿದವರಲ್ಲಿ ಅರ್ಧಕ್ಕರ್ಧ ಜನ ಅಲ್ಲಿಲ್ಲ. ನಮಗಿಂತ ಹೆಚ್ಚು ಏಟು ತಿಂದವರು ಅವರೇ. ಏಟಿನಿಂದಲೇ ಉದ್ಧಾರ ಆಗೋದಾಗಿದ್ದರೆ ಅವರು ಇಷ್ಟೊತ್ತಿಗೆ ಜಿಲ್ಲಾಧಿಕಾರಿ ಆಗಿರಬೇಕಿತ್ತು. ನಾವು ಏಟಿನಿಂದ ಓದಿದ್ದಲ್ಲ ಸ್ವಾಮಿ, ಏಟಿನ ನಡುವೆಯೂ ಓದಿದ್ದು. ನನಗಂತೂ ಬಿದ್ದಿದ್ದೇ ಕಡಿಮೆ. ನಮ್ಮಪ್ಪ ನಾಲ್ಕಕ್ಷರ ಓದಿದ್ದರು, ಮನೆಯಲ್ಲಿ ಹೇಳಿಕೊಡೋರು ಇದ್ದರು, ಎರಡು ಕಿವಿಯೂ ಸರಿ ಇದ್ದವು.

ಎರಡನೇ ಮಾತು, ‘ಕಾನೂನು ಬಂದು ಮಕ್ಕಳು ಕೆಟ್ಟರು’ ಅನ್ನೋದು. ಕಾನೂನು ಏನು ಹೇಳುತ್ತೆ ಅಂತ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ. ಅದರ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತೆ. ಅದಕ್ಕೂ ಮೂರು ವರ್ಷ ಮೊದಲು, 2007ರಲ್ಲಿ, ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಅಧ್ಯಯನವೊಂದು ಬಂದಿತ್ತು. ಅದರ ಪ್ರಕಾರ ಶಾಲೆಗೆ ಹೋಗೋ ಮೂವರು ಮಕ್ಕಳಲ್ಲಿ ಇಬ್ಬರು ಏಟು ತಿನ್ನೋರೇ. ಅಂದರೆ ಕೋಲಿನ ರಾಜ್ಯ ಭರ್ತಿ ನಡೀತಿದ್ದ ಕಾಲವೂ ಇತ್ತು. ಆಗ ಕ್ಲಾಸುಗಳು ಶಾಂತವಾಗಿದ್ದವಾ? ಶಾಂತವಾಗಿದ್ದರೆ ದಿನಾ ಯಾಕೆ ಹೊಡೆಯಬೇಕಿತ್ತು? ಒಂದೇ ಮಾತ್ರೆಯನ್ನ ಒಂದೇ ರೋಗಿಗೆ ಮೂರು ವರ್ಷ ಕೊಟ್ಟೂ ವಾಸಿ ಆಗದಿದ್ದರೆ, ಆ ಮಾತ್ರೆ ನಿಲ್ಲಿಸಿದ್ದಕ್ಕೇ ರೋಗ ಬಂತು ಅಂತ ಯಾರಾದರೂ ಹೇಳ್ತಾರಾ?

ಇನ್ನೊಂದು ವಿಷಯ. ಕೋಲು ಹೋದ ಜಾಗಕ್ಕೆ ಬಾಯಿ ಬಂದಿದೆ. ‘ನಿನ್ನ ತಲೇಲಿ ಏನೈತೆ? ಹೋಗು, ಕುರಿ ಕಾಯಿ’ ಅನ್ನೋದನ್ನ ನಮ್ಮ ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೇಳದವರು ಯಾರು? ಆ ಹುಡುಗನ ಅಪ್ಪ ನಿಜವಾಗಿಯೂ ಕುರಿ ಕಾಯ್ತಾರೆ. ಆ ಕುರಿ ಮಾರಿದ ದುಡ್ಡಲ್ಲೇ ಅವನ ಬ್ಯಾಗು, ಚಪ್ಪಲಿ ಬಂದಿರೋದು. ಒಂದು ಮಾತಲ್ಲಿ ಅವನಿಗೂ ಅವರಪ್ಪನಿಗೂ ಸೇರಿಸಿ ಹೊಡೆದ ಹಾಗಾಯ್ತು, ಮೈಮೇಲೆ ಬಾಸುಂಡೆ ಇಲ್ಲ ಅಷ್ಟೇ. 17ನೇ ಸೆಕ್ಷನ್ ಇದಕ್ಕೂ ಬೇಡ ಅನ್ನುತ್ತೆ, ಆದರೆ ಇದನ್ನ ಯಾರೂ ವಿಡಿಯೊ ಮಾಡಲ್ಲ.

ಮೂರನೇ ಮಾತು: ‘ಅದೆಲ್ಲ ಫಾರಿನ್ ಥಿಯರಿ, ನಮ್ಮ ಹಳ್ಳಿಗೆ ಆಗಲ್ಲ.’ ಗುಜರಾತಿನ ಭಾವನಗರ ಯಾವಾಗಿಂದ ಫಾರಿನ್ ಆಯ್ತು? ವಕೀಲಿಕೆ ಬಿಟ್ಟು ಮೇಷ್ಟ್ರಾದ ಗಿಜುಭಾಯಿ ಬಧೇಕಾ 1930ರ ದಶಕದ ಶುರುವಿನಲ್ಲಿ ‘ದಿವಾಸ್ವಪ್ನ’ ಅನ್ನೋ ಪುಸ್ತಕ ಬರೆದರು. ಅದರಲ್ಲೊಬ್ಬ ಮೇಷ್ಟ್ರು ಪ್ರಯೋಗ ಮಾಡ್ತೀನಿ ಅಂತ ನಾಲ್ಕನೇ ಕ್ಲಾಸು ಕೇಳಿ ತಗೊಳ್ತಾನೆ. ಮೊದಲ ದಿನ ಮೌನದ ಆಟ ಆಡಿಸೋಕೆ ಹೋದರೆ ಹುಡುಗರು ಅವನನ್ನೇ ಆಟ ಆಡಿಸ್ತಾರೆ. ಸೋತು ಕ್ಲಾಸು ಬಿಡ್ತಾನೆ. ಮಾರನೇ ದಿನ ಕಥೆ ಹೇಳೋಕೆ ಕೂರ್ತಾನೆ, ಅವೇ ಹುಡುಗರು ಅಲ್ಲಾಡದೆ ಕೂತು ಕೇಳ್ತಾರೆ. ಮೊದಲ ದಿನದ ಸೋಲನ್ನ ಮುಚ್ಚಿಡದೆ ಬರೆದಿದ್ದಾರಲ್ಲ, ನನಗೆ ಅದೇ ಹೆಚ್ಚು ಹಿಡಿಸಿದ್ದು.

ಅಷ್ಟು ದೂರವೂ ಬೇಡ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಇವತ್ತು ನಮ್ಮ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ಕ್ಲಾಸಿನಲ್ಲಿದೆ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರ್ತಾರೆ. ಒಂದು ಗುಂಪಿಗೆ ಟೀಚರ್ ಹೇಳಿಕೊಡ್ತಾರೆ, ಇನ್ನೊಂದರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡ್ತಾರೆ, ಮತ್ತೊಂದರಲ್ಲಿ ತಾವೇ ಕಲೀತಾರೆ. ಕಲಿಕಾ ಏಣಿಯಲ್ಲಿ ಯಾರು ಎಲ್ಲಿದ್ದಾರೋ ಅಲ್ಲಿಂದಲೇ ಮುಂದಕ್ಕೆ. ಅಲ್ಲಿ ಸದ್ದು ಇರುತ್ತೆ, ಇರಲೇಬೇಕು. ಅದಕ್ಕೂ ಕೊರತೆಗಳಿವೆ, ಕಾರ್ಡು ಹರಿದಿರುತ್ತೆ, ಇಬ್ಬರಿರಬೇಕಾದ ಕಡೆ ಒಬ್ಬರೇ ಟೀಚರ್ ಇರ್ತಾರೆ. ಆದರೂ ಕೆಲಸ ಇರೋ ಮಗು ಗಲಾಟೆ ಮಾಡೋದು ಕಡಿಮೆ ಅಂತ ಅದು ತೋರಿಸಿದೆ. ಅದೇ ಮಗು ನಾಲ್ಕನೇ ಕ್ಲಾಸಿಗೆ ಬಂದ ತಕ್ಷಣ ನಾವು ಏನಂತೀವಿ? ‘ಕೈ ಕಟ್ಟು, ಬಾಯಿ ಮುಚ್ಚು.’ ಮೂರು ವರ್ಷ ಮಾತಾಡಿ ಕಲಿ ಅಂದವರೇ ನಾಲ್ಕನೇ ವರ್ಷ ಮಾತಾಡಿದ್ದಕ್ಕೆ ಹೆಸರು ಬರೀತೀವಿ.

ಫಾರಿನ್ನಿನದೇ ಬೇಕಾದರೆ ಅದೂ ಇದೆ. ಅಮೆರಿಕದ ಜೇಕಬ್ ಕೌನಿನ್ ಅನ್ನೋ ಮನಶ್ಶಾಸ್ತ್ರಜ್ಞ ಕ್ಲಾಸುಗಳನ್ನ ಕ್ಯಾಮೆರಾದಲ್ಲಿ ಸೆರೆಹಿಡಿದು ಅಧ್ಯಯನ ಮಾಡಿ 1970ರಲ್ಲಿ ಪುಸ್ತಕ ಬರೆದ. ಗಲಾಟೆ ಆದಮೇಲೆ ಯಾರು ಹೇಗೆ ಬೈದರು ಅನ್ನೋದರಲ್ಲಿ ಒಳ್ಳೇ ಮೇಷ್ಟ್ರಿಗೂ ಸೋಲೋ ಮೇಷ್ಟ್ರಿಗೂ ಅಂಥ ವ್ಯತ್ಯಾಸವೇ ಅವನಿಗೆ ಕಾಣಲಿಲ್ಲ. ವ್ಯತ್ಯಾಸ ಇದ್ದಿದ್ದು ಗಲಾಟೆಗೆ ಮೊದಲು. ಒಳ್ಳೇ ಮೇಷ್ಟ್ರಿಗೆ ಕ್ಲಾಸಿನ ಮೂಲೆಮೂಲೆಯಲ್ಲಿ ಏನು ನಡೀತಿದೆ ಅಂತ ಗೊತ್ತಿರುತ್ತೆ, ಅದು ಮಕ್ಕಳಿಗೂ ಗೊತ್ತಿರುತ್ತೆ. ಪಾಠ ನಡುವೆ ನಿಂತುಹೋಗದ ಹಾಗೆ ನಡೀತಿರುತ್ತೆ. ನಮ್ಮ ಕಡೆ ಇದಕ್ಕೆ ‘ಮೇಷ್ಟ್ರಿಗೆ ಬೆನ್ನಲ್ಲೂ ಕಣ್ಣು’ ಅಂತೀವಿ. ಬೆನ್ನಲ್ಲಿ ಕಣ್ಣಿರೋರಿಗೆ ಕೈಯಲ್ಲಿ ಕೋಲು ಬೇಕಾಗಲ್ಲ.

ಸರಿ, ಕೋಲು ಬೇಡ ಅಂದ್ರೆ ಸೋಮವಾರ ಬೆಳಗ್ಗೆ ಮೇಷ್ಟ್ರು ಏನು ಮಾಡಬೇಕು? ನಾನು ಮೇಷ್ಟ್ರಲ್ಲ. ಆದರೆ ಮೇಷ್ಟ್ರಾಗಿರೋ ಗೆಳೆಯರನ್ನ ಕೇಳಿ, ಆ ಟೀಚರ್‌ನ ನೆನಪು ಮಾಡಿಕೊಂಡು, ಒಂದಿಷ್ಟು ಓದಿ ಹೇಳ್ತಿದೀನಿ.

ಜೂನ್ ಮೊದಲ ವಾರ ಪಾಠಕ್ಕಿಂತ ಮೊದಲು ಪದ್ಧತಿ ಕಲಿಸಿ. ನೀರಿಗೆ ಹೇಗೆ ಹೋಗಬೇಕು, ಕೆಲಸ ಮೊದಲೇ ಮುಗಿದರೆ ಏನು ಮಾಡಬೇಕು, ಮೇಷ್ಟ್ರು ಕೈ ಎತ್ತಿದರೆ ಏನರ್ಥ. ನಾಲ್ಕೈದು ನಿಯಮ ಸಾಕು, ಮಕ್ಕಳ ಕೈಯಲ್ಲೇ ಮಾಡಿಸಿ, ಗೋಡೆಗೆ ಅಂಟಿಸಿ, ಎರಡು ಸಲ ಆಡಿಸಿ ತೋರಿಸಿ. ಗೊತ್ತಿಲ್ಲದ ನಿಯಮ ಮುರಿದ ಅಂತ ಮಗುವನ್ನ ದಂಡಿಸೋದು ಅನ್ಯಾಯ.

ಹಿಂದಿನ ಬೆಂಚಿನ ಹುಡುಗ ಕಿರುಚಿದರೆ ಬೋರ್ಡಿನ ಹತ್ತಿರದಿಂದ ಕಿರುಚಬೇಡಿ. ಅವನಿಗೆ ಬೇಕಾಗಿರೋದೇ ನೋಡೋ ಜನ, ನೀವು ಕೂಗಿದರೆ ನಲವತ್ತು ಜನರನ್ನ ನೀವೇ ಅವನ ಕಡೆ ತಿರುಗಿಸಿದ ಹಾಗೆ. ಪಾಠ ಹೇಳ್ತಾ ಹೇಳ್ತಾ ಅವನ ಪಕ್ಕ ಹೋಗಿ ನಿಲ್ಲಿ. ಪುಸ್ತಕದ ಮೇಲೆ ಬೆರಳಿಟ್ಟು ಸಣ್ಣ ದನಿಯಲ್ಲಿ ‘ಇಲ್ಲಿಂದ ಓದು’ ಅನ್ನಿ. ಬೈಯೋದಿದ್ದರೆ ಕ್ಲಾಸು ಬಿಟ್ಟಮೇಲೆ, ಒಬ್ಬನನ್ನೇ ಕರೆದು. ಎಲ್ಲರ ಮುಂದೆ ಮಾನ ಹೋದ ಹುಡುಗ ಮಾನ ವಾಪಸ್ ತಗೊಳ್ಳೋಕೆ ನಾಳೆ ಇನ್ನೂ ದೊಡ್ಡದೇನೋ ಮಾಡ್ತಾನೆ.

ಪ್ರಶ್ನೆ ಕೇಳಿದಮೇಲೆ ಕಾಯಿರಿ. ಮೇರಿ ಬಡ್ ರೋ ಅನ್ನೋ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಗಡಿಯಾರ ಹಿಡಿದು ನೋಡಿದ್ದರು: ಮೇಷ್ಟ್ರುಗಳು ಉತ್ತರಕ್ಕೆ ಕಾಯೋದು ಸುಮಾರು ಒಂದು ಸೆಕೆಂಡು. ಅದನ್ನ ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದ ಆಗ್ತವೆ, ಯಾವತ್ತೂ ಬಾಯಿ ಬಿಡದವರೂ ಬಾಯಿ ಬಿಡ್ತಾರೆ. ಮೂರು ಸೆಕೆಂಡಿಗೆ ಬಜೆಟ್ ಬೇಕಾಗಿಲ್ಲ, ಸುತ್ತೋಲೆ ಬೇಕಾಗಿಲ್ಲ.

ತಪ್ಪಿಗೂ ಅದರ ಫಲಕ್ಕೂ ಸಂಬಂಧ ಇರಲಿ. ಪುಸ್ತಕ ಹರಿದವನು ಗೋಂದು ಹಚ್ಚಿ ಅಂಟಿಸಲಿ, ನೀರು ಚೆಲ್ಲಿದವನು ಒರೆಸಲಿ, ಇನ್ನೊಬ್ಬನನ್ನ ಅಳಿಸಿದವನು ಅವನ ಜೊತೆ ಕೂತು ಸರಿಮಾಡಿಕೊಳ್ಳಲಿ. ಲೆಕ್ಕ ತಪ್ಪಾಗಿದ್ದಕ್ಕೆ ಬಸ್ಕಿ ಹೊಡೆದರೆ ತೊಡೆ ಗಟ್ಟಿ ಆಗುತ್ತೆ, ಲೆಕ್ಕ ಆಗಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಬರೆದಿಡಿ. ಗಲಾಟೆ ಯಾವ ಪೀರಿಯಡ್ಡಿನಲ್ಲಿ, ಯಾವ ಕೆಲಸ ಕೊಟ್ಟಾಗ, ಊಟಕ್ಕೆ ಮೊದಲೋ ಆಮೇಲೋ? ಎರಡು ವಾರ ಬರೆದರೆ ಒಂದು ದಾರಿ ಕಾಣುತ್ತೆ. ಓದೋಕೆ ಬರದವನು ಗಟ್ಟಿಯಾಗಿ ಓದೋ ಸರದಿ ಹತ್ತಿರ ಬಂದಾಗಲೇ ಜಗಳ ತೆಗೀತಾನೆ. ದಡ್ಡ ಅನ್ನಿಸಿಕೊಳ್ಳೋದಕ್ಕಿಂತ ಪೋಲಿ ಅನ್ನಿಸಿಕೊಳ್ಳೋದು ಅವನಿಗೆ ಮೇಲು. ಬೆಳಗಿನ ಜಾವ ಎದ್ದು ಹಾಲು ಡೇರಿಗೆ ಹಾಕಿ, ಬರೀ ಹೊಟ್ಟೇಲಿ ಬಂದವಳು ಮೊದಲ ಪೀರಿಯಡ್ಡಿನಲ್ಲೇ ತೂಕಡಿಸ್ತಾಳೆ. ಕಣ್ಣು, ಕಿವಿ ಅನುಮಾನ ಬಂದರೆ ಆರ್‌ಬಿಎಸ್‌ಕೆ ತಂಡ ಶಾಲೆಗೆ ಬಂದಾಗ ತೋರಿಸಿ. 2013ರಿಂದ ಆ ಯೋಜನೆ ಇರೋದೇ ಇದಕ್ಕೆ. ನಮ್ಮ ಕಾಲದಲ್ಲಿ ಅದಿರಲಿಲ್ಲ.

ನಮ್ಮ ಕಸುಬಿನಲ್ಲಿ ರಾತ್ರಿ ಸರ್ವರ್ ಬಿದ್ದರೆ ಬೆಳಗ್ಗೆ ಎಲ್ಲ ಕೂತು ಏನಾಯ್ತು, ಯಾಕಾಯ್ತು ಅಂತ ಬರೀತೀವಿ. ಯಾರನ್ನೂ ಬಗ್ಗಿಸಿ ನಿಲ್ಲಿಸಲ್ಲ. ಎರರ್ ಬರ್ತಿದೆ ಅಂತ ಎರರ್ ತೋರಿಸೋ ಸಾಲನ್ನೇ ಅಳಿಸಿದವನಿಗೆ ನಮ್ಮಲ್ಲಿ ಕೆಲಸ ಉಳಿಯಲ್ಲ. ಇದಕ್ಕೆ ಕಂಪ್ಯೂಟರೂ ಬೇಡ. ಅಟ್ಟದ ಮೇಲೆ ವರ್ಷ ಹತ್ತಿರ ಇಟ್ಟ ಕಾಯಿಯನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಸದ್ದು ಕೇಳಿಯೇ ಕೊಬ್ಬರಿ ಆಯ್ತೋ ಇಲ್ವೋ ಹೇಳೋ ಜನ ನಾವು. ಕಾಯಿಯ ಸದ್ದಿಗೆ ಕಿವಿ ಕೊಡ್ತೀವಿ. ಮಕ್ಕಳ ಸದ್ದಿಗೆ ಮಾತ್ರ ಬರಲು ಹುಡುಕ್ತೀವಿ.

ಇಷ್ಟು ಹೇಳಿ ಎಲ್ಲಾ ಮೇಷ್ಟ್ರ ತಲೆಗೆ ಕಟ್ಟಿದರೆ ಅದೂ ಅನ್ಯಾಯವೇ. ಒಬ್ಬರೇ ಮೇಷ್ಟ್ರು ಎರಡು ಮೂರು ಕ್ಲಾಸು ಸೇರಿಸಿ ಕೂರಿಸ್ಕೊಂಡಿರ್ತಾರೆ. ನಡುವೆ ಹಾಲು, ಮೊಟ್ಟೆ, ಅಕ್ಕಿ ಲೆಕ್ಕ, ಆನ್‌ಲೈನ್ ಎಂಟ್ರಿ, ಮೀಟಿಂಗು. ಪಾಠ ಬಿಟ್ಟು ಬೇರೆ ಕೆಲಸಕ್ಕೆ ಮೇಷ್ಟ್ರನ್ನ ಹಚ್ಚಬಾರದು ಅಂತ ಅದೇ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತೆ, ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು. ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬರು, ಅರವತ್ತರ ತನಕ ಮಕ್ಕಳಿದ್ದರೂ ಇಬ್ಬರು ಮೇಷ್ಟ್ರು ಇರಲೇಬೇಕು ಅಂತಲೂ ಹೇಳುತ್ತೆ. ಅದನ್ನ ಸರ್ಕಾರ ಪಾಲಿಸಿದೆಯಾ? 17ನೇ ಸೆಕ್ಷನ್ ತೋರಿಸಿ ಮೇಷ್ಟ್ರಿಗೆ ನೋಟಿಸ್ ಕೊಡೋ ಇಲಾಖೆಗೆ ಉಳಿದ ಸೆಕ್ಷನ್ ಓದಿ ಹೇಳೋರು ಯಾರು? ಕೋಲು ಕೆಳಗಿಡಿ ಅಂದರು, ಒಳ್ಳೇದು. ಆ ಕೈಗೆ ಬೇರೆ ಏನು ಕೊಟ್ಟರು? ಅತಿಥಿ ಶಿಕ್ಷಕರಿಗಂತೂ ಮುಂದಿನ ವರ್ಷ ಅದೇ ಶಾಲೆಯಲ್ಲಿ ಇರ್ತೀನಾ ಅನ್ನೋದೇ ಗೊತ್ತಿರಲ್ಲ. ಮಗುವಿನ ಕಿವಿ ಯಾವ ಕಡೆ ಕೇಳಲ್ಲ ಅಂತ ಗೊತ್ತಾಗೋಕೆ ಒಂದು ವರ್ಷವಾದರೂ ಅಲ್ಲಿರಬೇಡವಾ?

ಅದಕ್ಕೇ ಗುಂಪಿನ ಗೆಳೆಯರೇ, ಹೆಬ್ಬೆರಳು ಒತ್ತೋ ಬದಲು ಕೇಳೋದನ್ನ ಕೇಳೋಣ. ಖಾಲಿ ಹುದ್ದೆ ತುಂಬಿ ಅಂತ ಕೇಳೋಣ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಅಂಕಿಅಂಶ ಓದೋದನ್ನ ಒಂದು ಗಂಟೆ ನಿಲ್ಲಿಸಿ, ಪ್ರತಿ ಶಾಲೆಯಿಂದ ಒಂದೊಂದು ಕಷ್ಟದ ಮಗುವಿನ ಬಗ್ಗೆ ಮೇಷ್ಟ್ರುಗಳು ಕೂತು ಮಾತಾಡಲಿ ಅಂತ ಕೇಳೋಣ. ಎಸ್‌ಡಿಎಂಸಿ ಸಭೆಗೆ ಹೋಗಿ, ಕಾಂಪೌಂಡು, ಬಣ್ಣದ ಜೊತೆಗೆ ಯಾವ ಮಗು ಯಾಕೆ ಶಾಲೆ ಬಿಟ್ಟಿತು ಅಂತಲೂ ಕೇಳೋಣ. ಶಾಲೆಗೆ ಟಿವಿ ಕೊಡಿಸಿ ಫೋಟೊ ಹಾಕೋದಕ್ಕಿಂತ ಇದು ಕಷ್ಟ, ಗೊತ್ತು.

ಹೋದ ಸಲ ಊರಿಗೆ ಹೋದಾಗ ಬೋರನಕಣಿವೆ ಏರಿ ಮೇಲೆ ಆ ಗೆಳೆಯ ಸಿಕ್ಕಿದ. ಕಾಯಿ ಕೀಳೋಕೆ, ಸುಲಿಯೋಕೆ ಹೋಗ್ತಾನೆ, ಸ್ವಂತದ್ದು ಸ್ವಲ್ಪ ತೋಟ ಇದೆ. ‘ಏನಪ್ಪಾ ಲೀಡರ್ರು, ಯಾವಾಗ ಬಂದೆ?’ ಅಂದ. ಅವನ ಬಲಗಡೆಗೇ ಹೋಗಿ ಕೂತೆ. ಮಗ ಐದನೇ ಕ್ಲಾಸಂತೆ. ‘ಭಾಳ ತರಲೆ ಕಣಪ್ಪ. ಮೇಷ್ಟ್ರಿಗೆ ಹೇಳ್ಬಿಟ್ಟಿದೀನಿ, ಕಣ್ಣೆರಡು ಬಿಟ್ಟು ಎಲ್ಲಿಗಾದ್ರೂ ಹೊಡೀರಿ ಅಂತ. ನಮಗೂ ಹೊಡೆದೇ ಅಲ್ವಾ ಬುದ್ಧಿ ಕಲಿಸಿದ್ದು?’

ಇಷ್ಟೆಲ್ಲ ವಾದ ಹೊಳೆಯೋ ನನಗೆ ಆಗ ಒಂದೂ ಬಾಯಿಗೆ ಬರಲಿಲ್ಲ. ಅವನ ಹೆಸರಿನ ಮುಂದೆ ಇಂಟು ಹಾಕಿದ ಕೈ ಇದೇ. ‘ಯಾಕೆ ತರಲೆ ಮಾಡ್ತಾನಂತೆ?’ ಅಂತಷ್ಟೇ ಕೇಳಿದೆ. ಅವನು ನೀರಿನ ಕಡೆ ನೋಡ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಅದನ್ನ ಕೇಳಿಲ್ಲ ಕಣಪ್ಪ’ ಅಂದ.

ಸಂಜೆ ಇಬ್ಬರೂ ಅವನ ಮನೆಗೆ ಹೋಗಿ ಹುಡುಗನನ್ನ ಕೂರಿಸ್ಕೊಂಡು ಕೇಳಿದೆವು. ಮೊದಲು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದ, ಭಾಗಾಕಾರ ಬರಲ್ಲ, ಎದ್ದು ಹೇಳಿದರೆ ಎಲ್ಲ ನಗ್ತಾರೆ ಅಂತ. ಚೀಲದಿಂದ ಪುಸ್ತಕ ತೆಗೆಸಿ, ಹದಿನಾರು ಕಾಯಿಯನ್ನ ನಾಲ್ಕು ಜನಕ್ಕೆ ಹಂಚೋದರಿಂದ ಶುರು ಮಾಡಿದೆವು.